ಸೋಪಿನ್ಯಾಗ ಶೆರೆ, ಶೆರಿಯೊಳಗ ತೆರಿಗಿ

ಈಗೀಗ ಮನ್ಯಾಗ ಕೈಯಿಂದ ಸೋಪು ಮಾಡಿ ಮಾರೋ ಹೆಣ್ಣಮಕ್ಕಳು ಊರೂರಿಗೂ ಆಗ್ಯಾರ. ಬೇವಿಂದು, ಅರಿಷಿಣದ್ದು, ಆಡಿನ ಹಾಲಿಂದು ಅಂತ ಸಾಲಾಗಿ ಇಟ್ಟಿರ್ತಾರ. ಆ ಸಾಲಿನ್ಯಾಗ ಈಗ ಬೆಲ್ಲದ ಬಣ್ಣದ್ದೊಂದು ಬಂದು ಕೂತದ, ಬಿಯರ್ ಸೋಪು. ಅದರ ಬಾಜೂಕ ಒಮ್ಮೊಮ್ಮೆ ವೈನ್ ಸೋಪು, ರಮ್ ಸೋಪು ಇರ್ತಾವ. ಬೆಲಿ ಕೇಳಿದ್ರ ಒಂದಕ್ಕ ₹150, ₹200 ಅಂತಾರ. ಆಗ ಗಿರಾಕಿ ಎರಡು ಪ್ರಶ್ನಿ ಕೇಳೇ ಕೇಳ್ತಾರ. ಮೊದಲನೇದು, ‘ಮೈಗೆ ಹಚ್ಚಿದ್ರ ಶೆರಿ ವಾಸನಿ ಬರ್ತದೇನ್ರಿ?’ ಎರಡನೇದು, ‘ಬಿಯರ್ ಹಾಕೀರಿ ಅಂತ ಇಷ್ಟು ತುಟ್ಟಿ ಏನು?’

ಮೊದಲನೇ ಪ್ರಶ್ನಿಗೆ ಉತ್ತರ ಸಣ್ಣದು: ಬರೂದಿಲ್ಲ. ಎರಡನೇದಕ್ಕ ಉತ್ತರ ಹೇಳ್ಬೇಕಂದ್ರ ಎರಡು ನೂರು ವರ್ಷ ಹಿಂದ ಹೋಗ್ಬೇಕು. ಸೋಪಿನ್ಯಾಗ ಶೆರೆ ಹಾಕೋದು ಇವತ್ತಿನ ಶೋಕಿ ಅಲ್ಲ. ನಮ್ಮ ಅಂಗಡ್ಯಾಗ ಕಾಣಸ್ತದಲ್ಲ, ಬೆಳಕಿಗೆ ಹಿಡಿದ್ರ ಜೇನಿನಂಗ ಹೊಳೆಯೋ ಪಿಯರ್ಸ್ ಸೋಪು, ಅದು ಹುಟ್ಟಿದ್ದೇ ಆಲ್ಕೋಹಾಲಿನ್ಯಾಗ. ಅದರ ಕಥಿ ಓದಿದ್ರ ಒಂದು ಮಾತು ಖಾತ್ರಿ ಆಗ್ತದ: ಶೆರೆ ಹಾಕಿದ ಸೋಪಿನ ಬೆಲಿಯೊಳಗ ಶೆರಿದು ಪಾಲು ಭಾಳ ಕಡಿಮಿ. ಸರ್ಕಾರದ ತೆರಿಗಿ ಮತ್ತ ಮಾಡಿದಾಕಿ ಕಾದ ದಿನ, ಇವೆರಡ ದೊಡ್ಡ ಪಾಲು. ಮೊದಲನೇದನ್ನ ಎಲ್ಲಾರೂ ಕೊಡ್ತಾರ. ಎರಡನೇದನ್ನ ಮಾತ್ರ ಮಾಡಿದವರು ಲೆಕ್ಕಕ್ಕ ಹಿಡಿಯೋದನ್ನ ಮರೀತಾರ.

ಕ್ಷೌರದವನ ಅಂಗಡಿ

ಆಂಡ್ರೂ ಪಿಯರ್ಸ್ ಇಂಗ್ಲಂಡಿನ ಕಾರ್ನ್‌ವಾಲ್ ಕಡಿ ಒಬ್ಬ ರೈತನ ಮಗ. ಕ್ಷೌರದ ಕೆಲಸ ಕಲಿತು ಲಂಡನ್ನಿಗೆ ಬಂದ. 1789ರಾಗ ಸೋಹೋ ಅನ್ನೋ ಭಾಗದ ಜೆರಾರ್ಡ್ ಬೀದ್ಯಾಗ ಅಂಗಡಿ ಹಾಕಿದ. ಅವನ ಗಿರಾಕಿಗಳೆಲ್ಲ ಉಳ್ಳವರು. ಅವರಿಗೆ ಕ್ಷೌರ ಮಾಡೋದಲ್ಲದ ಮುಖಕ್ಕ ಹಚ್ಚೋ ಪೌಡರು, ಕ್ರೀಮು, ಹಲ್ಲಿನ ಪುಡಿ ಎಲ್ಲಾ ಮಾಡಿ ಮಾರ್ತಿದ್ದ.

ಆಗಿನ ಸಿರಿವಂತರ ಮುಖದ ಪೌಡರಿನ್ಯಾಗ ಸೀಸ, ಪಾಷಾಣದಂಥಾ ವಿಷದ ವಸ್ತು ಇರ್ತಿದ್ವು. ಸೋಪು ಅಂದ್ರ ಖಾರ ಹೆಚ್ಚಾದ ಒರಟು ಗಡ್ಡಿ. ಒಂದು ಮುಖ ಕೆಡಸ್ತಿತ್ತು, ಇನ್ನೊಂದು ಕೆಟ್ಟ ಮುಖಾನ ಇನ್ನಷ್ಟು ಉರಸ್ತಿತ್ತು. ದಿನಾ ಬೆಳಗಾದ್ರ ಅವೇ ಮುಖಗಳನ್ನ ಕೈಯಾಗ ಹಿಡಿಯೋ ಕ್ಷೌರದವಗ ಇದು ಕಾಣದ ಇರ್ತದೇನು? ಸೋಪನ್ನ ಶುದ್ಧ ಮಾಡೋದು ಹೆಂಗ ಅಂತ ಅವ ಹುಡುಕಾಕ ಹತ್ತಿದ. ಕಡೀಕೆ ಆರಪಾರ ಕಾಣೋ ಒಂದು ಸೋಪು ತಯಾರಾತು. ತೋಟದ ಹೂವಿನಂಥಾ ತೆಳು ಪರಿಮಳ ಹಾಕಿ 1807ರಾಗ ಅದನ್ನ ಮಾರಾಟಕ್ಕ ಇಟ್ಟ.

ಸಕ್ಕರಿ ಗೊಂಬಿ ಮತ್ತ ಪಾಕದ ಹನಿ

ಶೆರಿಯಿಂದ ಸೋಪು ಆರಪಾರ ಆಗೋದು ಹೆಂಗ? ಇದು ತಿಳೀಬೇಕಂದ್ರ ಗೌರಿ ಹುಣ್ಣಿವಿ ಸಕ್ಕರಿ ಗೊಂಬಿ ನೆನಸ್ಕೊಳ್ರಿ. ಸಕ್ಕರಿ ಪಾಕ ಕಾಸಿ, ಚಲೋತ್ನಾಗಿ ತಿರುವಿ ಅಚ್ಚಿಗೆ ಹಾಕಿದ್ರ ಬೆಳ್ಳಗ ಗೊಂಬಿ ಆಗ್ತದ. ಅದರಾಚೆ ಏನೂ ಕಾಣೂದಿಲ್ಲ. ಅದೇ ಗಟ್ಟಿ ಪಾಕದ ಒಂದು ಹನಿ ತಿರುವದ ತಾಟಿನ ಮ್ಯಾಲೆ ಬಿದ್ದು ಆರಿದ್ರ ಗಾಜಿನ ಮಣಿಯಂಗ ಹೊಳೀತದ. ಎರಡೂ ಅದೇ ಸಕ್ಕರಿನ. ಒಂದರಾಗ ಹರಳು ಹುಟ್ಟಿ ಬೆಳಕನ್ನ ಚದರಸ್ತಾವ, ಇನ್ನೊಂದರಾಗ ಹುಟ್ಟಾಕ ಆಸ್ಪದ ಸಿಗಲಿಲ್ಲ.

ಸೋಪಿನ ಗುಣಾನೂ ಹಿಂಗ. ಸಾದಾ ಸೋಪು ಆರೋವಾಗ ಅದರಾಗ ದೊಡ್ಡ ಹರಳು ಕಟ್ಟತಾವ, ಹಿಂಗಾಗಿ ಮಬ್ಬಾಗಿ ಕಾಣಸ್ತದ. ಅದನ್ನ ತೆಳ್ಳಗ ಹೆರದು, ಒಣಗಿಸಿ, ಬಿಸಿ ಆಲ್ಕೋಹಾಲಿನ್ಯಾಗ ಕರಗಿಸಿದ್ರ ಎರಡು ಕೆಲಸ ಆಗ್ತಾವ. ಸೋಪು ಕರಗ್ತದ, ಆದ್ರ ಅದರಾಗ ಉಳಿದ ಉಪ್ಪು, ಸೋಡಾದಂಥಾವು ಆಲ್ಕೋಹಾಲಿನ್ಯಾಗ ಕರಗೂದಿಲ್ಲ, ತಳಕ್ಕ ಕೂಡ್ತಾವ. ಮ್ಯಾಲಿನ ತಿಳಿ ಅಷ್ಟ ತಗದ್ರ ಶುದ್ಧ ಸೋಪು ಸಿಗ್ತದ. ಇದು ಒಂದು. ಎರಡನೇದು, ಆ ತಿಳಿಯಿಂದ ಆಲ್ಕೋಹಾಲ್ ಹೋಗಿ ಗಟ್ಟಿ ಆದಾಗ ಹರಳು ಅತೀ ಸಣ್ಣವಾಗಿ ಉಳೀತಾವ, ಬೆಳಕು ಆರಪಾರ ಹಾಯ್ತದ. ಮುಖಾ ಉರಸದ ಇರೋ ಗುಣಾ, ಗಾಜಿನಂಥಾ ಹೊಳಪು, ಎರಡೂ ಒಂದ ಕೆಲಸದಾಗ ಬಂದ್ವು.

ಆದ್ರ ಕೆಲಸ ಅಲ್ಲಿಗೆ ಮುಗೀಲಿಲ್ಲ. ಅಚ್ಚಿಗೆ ಹಾಕಿದ ಸೋಪಿನ್ಯಾಗ ಇನ್ನೂ ಆಲ್ಕೋಹಾಲು, ನೀರು ಉಳದಿರ್ತಿತ್ತು. ಮಬ್ಬಾಗಿ, ಮೆತ್ತಗ ಇರ್ತಿತ್ತು. ಬೆಚ್ಚನ್ನ ಕೋಲ್ಯಾಗ ಇಟ್ಟು ತಿಂಗಳುಗಟ್ಟಲೆ ಸಾವಕಾಶ ಒಣಗಸ್ಬೇಕು. ಅವಸರ ಮಾಡಿದ್ರ ಮ್ಯಾಲಿನ ಪದರು ಗಟ್ಟಿ ಆಗಿ ಒಳಗಿಂದು ಹಂಗ ಉಳೀತದ. ಒಣಗಿದಂಗೆಲ್ಲ ಗಡ್ಡಿ ಕುಗ್ಗಿ, ನಡುವ ಒಳಗ ಜಗ್ಗಿ, ತಗ್ಗು ಬೀಳ್ತದ. ಹಳೇ ಪಿಯರ್ಸ್ ಸೋಪಿನ ನಡುವಿನ ಆ ತಗ್ಗು ಬಂದದ್ದು ಹಿಂಗ.

ಈಗ ಇದನ್ನ ರೊಕ್ಕದ ಕಣ್ಣಿಂದ ನೋಡ್ರಿ. ಅಂಗಡಿಕಾರ ಎಣ್ಣಿ ಸೋಪಿಗೆ ರೊಕ್ಕ ಹಾಕಿದ, ಆಲ್ಕೋಹಾಲಿಗೆ ಹಾಕಿದ. ಆಲ್ಕೋಹಾಲ್ ಗಾಳಿಗೆ ಹೋತು, ಗಿರಾಕಿ ಕೈಗೆ ಬರಲಿಲ್ಲ. ತೂಕ ಇಳೀತು, ಅಂದ್ರ ಮಾರೋ ಮಾಲು ಕಡಿಮಿ ಆತು. ಕೋಲಿ ಬಾಡಿಗಿ ತಿಂಗಳಾ ತಿಂಗಳಾ ನಡೀತು. ಹಾಕಿದ ಬಂಡವಾಳ ಹಲಗಿ ಮ್ಯಾಲೆ ಕೂತ ಬಿಡ್ತು. ಇಷ್ಟು ಹೊತ್ತ ಮಾಲು ಅಗ್ಗ ಹೆಂಗಾದೀತು? ಪಿಯರ್ಸ್ ಅದನ್ನ ಅಗ್ಗಕ್ಕ ಕೊಡೋ ಗೋಜಿಗೇ ಹೋಗಲಿಲ್ಲ. ಉಳ್ಳವರಿಗೆ ಮಾರಿದ, ಕಡಿಮಿ ಮಾರಿದ, ಹೆಚ್ಚಿನ ದರಕ್ಕ ಮಾರಿದ. ನಕಲಿ ಮಾಲು ಬರಾಕ ಹತ್ತಿದಾಗ ಒಂದೊಂದು ಪೊಟ್ಟಣದ ಮ್ಯಾಲೂ ತಾನ ಲೆಕ್ಕಣಿಕಿಯಿಂದ ಸಹಿ ಹಾಕಿ ಕೊಡ್ತಿದ್ದ ಅಂತ ಹೇಳ್ತಾರ.

ಬೀಗ ಹಾಕಿದ ಕೊಪ್ಪರಿಗಿ

ಇಷ್ಟು ಮಾಡೋವನ ಖರ್ಚು. ಇನ್ನ ಸರ್ಕಾರದ್ದು. ಇಂಗ್ಲಂಡಿನ್ಯಾಗ ಸೋಪಿಗೇ ಒಂದು ತೆರಿಗಿ ಇತ್ತು. ರಾಣಿ ಆ್ಯನ್ ಕಾಲದಾಗ, 1712ರಾಗ, ಒಂದು ಪೌಂಡ್ ತೂಕಕ್ಕ, ಅಂದ್ರ ಸುಮಾರು 450 ಗ್ರಾಂ ಸೋಪಿಗೆ, 1 ಪೆನ್ನಿ ಹಾಕಿದ್ರು. ಯುದ್ಧ ಬಂದಾಗೆಲ್ಲ ಬೊಕ್ಕಸಕ್ಕ ರೊಕ್ಕ ಬೇಕಲ್ಲ, ಏರಿಸ್ಕೋತ ಹೋದ್ರು. ನೆಪೋಲಿಯನ್ನನ ಯುದ್ಧ ಮುಗದ ಮರುವರ್ಷ, 1816ರಾಗ, ಅದು ಪೌಂಡಿಗೆ 3 ಪೆನ್ನಿಗೆ ಮುಟ್ಟಿತ್ತು. 1833ರಾಗ ಅರ್ಧಾ ಇಳಿಸಿದ್ರು.

ತೆರಿಗಿ ತಪ್ಪಿಸಬಾರದು ಅಂತ ಕಾವಲು ಬ್ಯಾರೆ. ಅಬಕಾರಿಯವರು ಸೋಪು ಕುದಸೋ ಕೊಪ್ಪರಿಗಿಗೆ ಮುಚ್ಚಳ ಮಾಡಿಸಿ ಬೀಗ ಹಾಕಸ್ತಿದ್ರು. ಕೆಲಸ ಇಲ್ಲದ ಹೊತ್ತಿನ್ಯಾಗ ಬೀಗ ತಗಿಯೋ ಹಂಗಿಲ್ಲ. ರಾತ್ರಿ ಕದ್ದು ಒಂದು ಕೊಪ್ಪರಿಗಿ ಕುದಿಸಿ ತೆರಿಗಿ ಇಲ್ಲದ ಮಾರಿಯಾರು ಅನ್ನೋ ಅಂಜಿಕಿ. ನಮ್ಮ ಕಡೆ ಭಟ್ಟಿ ಶೆರಿ ಮ್ಯಾಲೆ ಹೆಂಗ ಅಬಕಾರಿ ಕಣ್ಣು ಇರ್ತದೋ, ಅಲ್ಲಿ ಸೋಪಿನ ಮ್ಯಾಲೆ ಹಂಗ ಇತ್ತು. ಮೈ ತೊಳಕೊಳ್ಳೋದೂ ಒಂದು ಚಟ ಅಂತ ಸರ್ಕಾರ ತಿಳದಂಗ ಆತು. ಬಡವರ ಮನಿಗೆ ಸೋಪು ಮುಟ್ಟದ ಇರೋದಕ್ಕ ಈ ತೆರಿಗಿನೂ ಒಂದು ಕಾರಣ ಆಗಿತ್ತು. 1853ರಾಗ ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ ಅದನ್ನ ಪೂರಾ ತಗದ. ವರ್ಷಕ್ಕ 10 ಲಕ್ಷ ಪೌಂಡಿಗಿಂತ ಹೆಚ್ಚಿನ ಉತ್ಪನ್ನ ಅದು, ಕೈಬಿಡೋದು ಹಗುರಾದ ಮಾತಲ್ಲ.

ಸಾದಾ ಸೋಪಿನವರು ಅಲ್ಲಿಗೆ ಪಾರಾದ್ರು. ಆರಪಾರ ಸೋಪಿನವರಿಗೆ ಇನ್ನೊಂದು ತೆರಿಗಿ ಉಳದಿತ್ತು, ಶೆರಿದು. ಬೊಕ್ಕಸದ ಕಣ್ಣಿಗೆ ಆಲ್ಕೋಹಾಲ್ ಅಂದ್ರ ಆಲ್ಕೋಹಾಲ್. ನೀವು ಗಂಟಲಿಗೆ ಹಾಕ್ಕೊಳ್ರಿ, ಸೋಪು ಕರಗಿಸ್ರಿ, ಬಣ್ಣದ ಎಣ್ಣಿಗೆ ಹಾಕ್ರಿ, ತೆರಿಗಿ ಒಂದ. ಅದು ಎಷ್ಟು ಭಾರ ಅನ್ನೋದಕ್ಕ ಒಂದು ಅಳತಿ ಕೊಡ್ತೀನಿ. 1860ರಾಗ ಶೆರಿ ತೆರಿಗಿ ಗ್ಯಾಲನ್ನಿಗೆ 10 ಶಿಲಿಂಗ್ ಆತು, ಅಂದ್ರ 120 ಪೆನ್ನಿ. ಸೋಪಿನ ತೆರಿಗಿ ಕಡೀ ದಿನಗಳಾಗ ಇದ್ದದ್ದು ಪೌಂಡಿಗೆ ಒಂದೂವರಿ ಪೆನ್ನಿ. ಗಾಳಿಗೆ ಹೋಗೋ ಆಲ್ಕೋಹಾಲಿಗೆ ಇಂಥಾ ತೆರಿಗಿ ಕೊಟ್ಟು ಯಾರು ವ್ಯಾಪಾರ ಮಾಡ್ಯಾರು?

ಈ ತಕರಾರು ಸೋಪಿನವರದು ಅಷ್ಟ ಅಲ್ಲ. ವಾರ್ನಿಶ್ ಮಾಡೋವರು, ಟೋಪಿ ಮಾಡೋವರು, ರಸಾಯನದವರು ಎಲ್ಲಾರದೂ ಇತ್ತು. ಸರ್ಕಾರ ಮೂರು ಮಂದಿ ರಸಾಯನ ಪಂಡಿತರನ್ನ ಕೇಳ್ತು: ಗ್ರಹಾಂ, ಹಾಫ್‌ಮನ್, ರೆಡ್‌ವುಡ್. ಕುಡಿಯಾಕ ಬಾರದಂಗ, ಕೆಲಸಕ್ಕ ಮಾತ್ರ ಬರೋ ಹಂಗ ಆಲ್ಕೋಹಾಲನ್ನ ಕೆಡಸೋದು ಹೆಂಗ ಅನ್ನೋದು ಪ್ರಶ್ನಿ. ಅವರು ಹೇಳಿದ ಉಪಾಯ ಸರಳ. ಒಂಬತ್ತು ಪಾಲು ಆಲ್ಕೋಹಾಲಿಗೆ ಒಂದು ಪಾಲು ಕಟಗಿಯಿಂದ ಇಳಿಸಿದ ನಾರೋ ನ್ಯಾಫ್ತಾ ಬೆರಸ್ರಿ. ಒಮ್ಮೆ ಬೆರೆತ್ರ ಬೇರ್ಪಡಸೋದು ತ್ರಾಸು, ಬಾಯಿಗೆ ಇಡಾಕ ಆಗೂದಿಲ್ಲ. 1855ರಾಗ ಇದಕ್ಕ ಕಾಯ್ದೆ ಬಂತು, ಅಂಥಾ ಆಲ್ಕೋಹಾಲಿಗೆ ತೆರಿಗಿ ಮಾಫ್. ಅದೇ ಮಿಥೈಲೇಟೆಡ್ ಸ್ಪಿರಿಟ್. ನಮ್ಮಲ್ಲಿ ಪಾಲಿಶ್ ಮಾಡೋವರು ತರೋ, ಹಿಂದ ಸ್ಟೋವ್ ಹೊತ್ತಸಾಕ ಮನ್ಯಾಗ ಇಡ್ತಿದ್ದ ‘ಸ್ಪಿರಿಟ್’ ಇದರ ಬಳಗದ್ದ.

ಸೋಪಿನವರಿಗೆ ಅರ್ಧಾ ಸಂತೋಷ ಆತು. ತೆರಿಗಿ ಹೋತು, ವಾಸನಿ ಬಂತು. ನ್ಯಾಫ್ತಾದ ನಾತ ಸೋಪಿನ್ಯಾಗ ಹಿಡದು ಕೂಡ್ತಿತ್ತು, ಅಗ್ಗದ ಆರಪಾರ ಸೋಪು ಮೂಸಿ ನೋಡಿದ್ರ ಗೊತ್ತಾಗ್ತಿತ್ತು. ಅದನ್ನ ಮುಚ್ಚಾಕ ಅತ್ತರು ಹೆಚ್ಚು ಹಾಕ್ತಿದ್ರು. ಇನ್ನ ಕೆಲವರು ಆಲ್ಕೋಹಾಲನ್ನ ಕಡಿಮಿ ಮಾಡಿ, ಅದರ ಬದಲಿಗೆ ಸಕ್ಕರಿ ಪಾಕ, ಗ್ಲಿಸರಿನ್ ಹಾಕಿ ಹೊಳಪು ತರಾಕ ಕಲಿತ್ರು. ದೊಡ್ಡ ಕಾರಖಾನಿಯವರು ಮುಚ್ಚಿದ ಭಟ್ಟಿಯೊಳಗ ಕರಗಿಸಿ, ಆವಿ ಆದ ಆಲ್ಕೋಹಾಲನ್ನ ತಂಪು ಮಾಡಿ ಹಿಡದು ಮತ್ತೊಮ್ಮೆ ಬಳಸ್ತಿದ್ರು. ಆಲ್ಕೋಹಾಲ್ ಉಳಸೋ ಸಾಧನ ಇದ್ದವರಿಗೆ ಖರ್ಚು ಇಳೀತು. ಇಲ್ಲದ ಸಣ್ಣವರು ಹಿಂದ ಬಿದ್ರು.

ಬೆಲಿ ಸೇರಿದ ಜಾಗಾ

ಆಂಡ್ರೂ ಪಿಯರ್ಸ್‌ನ ಮೊಮ್ಮಗ ಫ್ರಾನ್ಸಿಸ್ 1835ರಾಗ ಅಂಗಡಿ ಕೆಲಸಕ್ಕ ಸೇರಿದ, ಮುದುಕ 1838ರಾಗ ವ್ಯಾಪಾರ ಬಿಟ್ಟ. 1851ರ ಲಂಡನ್ ಮಹಾ ಪ್ರದರ್ಶನದಾಗ ಅವರ ಸೋಪಿಗೆ ಪದಕ ಸಿಕ್ತು. ಸ್ಪಿರಿಟ್ ಕಾಯ್ದೆ ಬಂದು ಏಳು ವರ್ಷಕ್ಕ, 1862ರಾಗ, ಲಂಡನ್ನಿನ ಹೊರಗ ಐಲ್‌ವರ್ತ್ ಅನ್ನೋ ಊರಾಗ ಕಾರಖಾನಿ ಎದ್ದಿತು.

1865ರಾಗ ಫ್ರಾನ್ಸಿಸ್‌ನ ಅಳಿಯ ಥಾಮಸ್ ಬ್ಯಾರೆಟ್ ಬಂದ ಮ್ಯಾಲೆ ಲೆಕ್ಕಾನ ಬದಲಾತು. ಸೋಪು ಅದೇ ಇತ್ತು, ಜಾಹೀರಾತಿಗೆ ರೊಕ್ಕ ಸುರಿಯಾಕ ಹತ್ತಿದ್ರು. ಚಿತ್ರಕಾರ ಮಿಲೇ ತನ್ನ ಮೊಮ್ಮಗ ಸೋಪಿನ ಗುಳ್ಳಿ ಊದೋ ಚಿತ್ರ ತಗದಿದ್ದ. 1886ರ ಸುಮಾರಿಗೆ ಬ್ಯಾರೆಟ್ ಅದನ್ನ 2,200 ಪೌಂಡಿಗೆ ಕೊಂಡು, ಕೆಳಗ ಒಂದು ಪಿಯರ್ಸ್ ಗಡ್ಡಿ ಬರಿಸಿ, ದೇಶದ ತುಂಬ ಹಚ್ಚಿಸಿದ. ಇನ್ನೂ ಒಂದು ಆಟ ಹೂಡಿದ. ಆಗ ಫ್ರಾನ್ಸಿನ ಹತ್ತು ಸೆಂಟೀಮಿನ ನಾಣ್ಯ ಇಂಗ್ಲಂಡಿನ್ಯಾಗ ಪೆನ್ನಿ ಬದಲಿಗೆ ನಡೀತಿತ್ತು. ಅಂಥಾವು ಎರಡೂವರಿ ಲಕ್ಷ ತರಿಸಿ, ಅವುಗಳ ಮ್ಯಾಲೆ ‘ಪಿಯರ್ಸ್’ ಅಂತ ಛಾಪಾ ಒತ್ತಿಸಿ ಪ್ಯಾಟ್ಯಾಗ ಬಿಟ್ಟ.

ಸಣ್ಣಾಂಗ ಕೂತು ಸೋಪು ಮಾಡೋ ನಮ್ಮಂಥವರು ಇಲ್ಲಿ ಒಂದು ನೋಡ್ಬೇಕು. ಮುದುಕನ ಕಾಲದಾಗ ಹೆಚ್ಚಿನ ದರದ ಒಳಗ ಆಲ್ಕೋಹಾಲ್ ಇತ್ತು, ತೆರಿಗಿ ಇತ್ತು, ಕಾದ ತಿಂಗಳು ಇದ್ವು, ಅವನ ಕೈ ಸಹಿ ಇತ್ತು. ತೆರಿಗಿ ಹೋಗಿ, ಆಲ್ಕೋಹಾಲ್ ಅಗ್ಗ ಆಗಿ ಉಳಿದ ಜಾಗಾದಾಗ ಚಿತ್ರ, ನಾಣ್ಯ, ಗೋಡಿ ಮ್ಯಾಲಿನ ಅಕ್ಷರ ಬಂದು ಕೂತ್ವು. ದೊಡ್ಡವರ ಬೆಲಿಯೊಳಗ ಒಂದು ಖರ್ಚು ಹೋದ್ರ ಇನ್ನೊಂದು ಬರ್ತದ. ಮನ್ಯಾಗ ಮಾಡೋವರ ಬೆಲಿ ಆ ದೊಡ್ಡವರ ದರಕ್ಕ ಜೋಡಿಸಿ ಇಟ್ರ ಲೆಕ್ಕ ಎಂದೂ ಕೂಡೂದಿಲ್ಲ.

ಧಾರವಾಡದಾಗ ಅತ್ತರೂ ಶೆರೆ

‘ಇದೆಲ್ಲ ಇಂಗ್ಲಂಡಿನ ಮಾತು, ನಮಗೇನು?’ ಅಂತೀರೇನು? ‘ಮೈಗೆ ಹಚ್ಚೋ ಆಲ್ಕೋಹಾಲ್ ಶೆರಿನೋ ಅಲ್ಲೋ’ ಅನ್ನೋ ಜಗಳ ನಮ್ಮ ಅಂಗಳಕ್ಕೂ ಬಂದಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲಾ ಆಗ ಮುಂಬಯಿ ಸರ್ಕಾರದ ಕೆಳಗ ಇದ್ವು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಶೆರೆ ಅಂದ್ರ ಏನು ಅಂತ ಹೇಳೋವಾಗ ಆಲ್ಕೋಹಾಲ್ ಇರೋ ಎಲ್ಲಾ ದ್ರವಾನೂ ಸೇರಿಸಿಬಿಟ್ಟಿತ್ತು. ಕೈವಸ್ತ್ರಕ್ಕ ಹಚ್ಚೋ ಯೂಡಿಕೋಲನ್ನೂ ಅದರಾಗ ಬಂತು, ಔಷಧನೂ ಬಂತು. ಬಾಲ್ಸರಾ ಅನ್ನೋವರು ಕೋರ್ಟಿಗೆ ಹೋದ್ರು. ಅವರ ಅರ್ಜ್ಯಾಗ ವಿಸ್ಕಿ, ಬ್ರಾಂದಿ, ಬಿಯರ್ ಜೋಡಿಗೆ ಯೂಡಿಕೋಲನ್ನೂ ಇತ್ತು. 1951ರಾಗ ಸುಪ್ರೀಂ ಕೋರ್ಟ್ ಕಾಯ್ದೆಯ ಬಹುಪಾಲು ಎತ್ತಿ ಹಿಡೀತು. ಔಷಧ ಮತ್ತ ಮೈಗೆ ಹಚ್ಚೋ ತಯಾರಿಕಿಗೆ ತಡಿ ಹಾಕಿದ್ದ ಭಾಗ ಮಾತ್ರ ಸಿಂಧು ಅಲ್ಲ ಅಂತು. ಹಿಂಗಾಗಿ ನಮ್ಮ ಕಡೆ ಅತ್ತರಿನ ಬಾಟ್ಲಿ ಶೆರಿ ಸಾಲಿನಿಂದ ಹೊರಗ ಬಂತು.

ಹೊರಗ ಬಂದ್ರೂ ತೆರಿಗಿ ಬಿಡಲಿಲ್ಲ. 1955ರಾಗ ಆಲ್ಕೋಹಾಲ್ ಇರೋ ಔಷಧ ಮತ್ತ ಪ್ರಸಾಧನ ಸಾಮಾನಿಗೆ ಅಂತನ ಬ್ಯಾರೆ ಅಬಕಾರಿ ಕಾಯ್ದೆ ಬಂತು. ಅದು ನಡದದ್ದು 2017ರಾಗ ಜಿಎಸ್‌ಟಿ ಬರೋ ತನಕ. ಕೆಲಸಕ್ಕ ಬಳಸೋ ಆಲ್ಕೋಹಾಲ್ ಮ್ಯಾಲೆ ಅಧಿಕಾರ ರಾಜ್ಯದ್ದೋ ಕೇಂದ್ರದ್ದೋ ಅನ್ನೋ ವಾದ ಅಂತೂ ಮೊನ್ನೆ ಮೊನ್ನೆ ತನಕ ನಡೀತು. 2024ರ ಅಕ್ಟೋಬರಿನ್ಯಾಗ ಒಂಬತ್ತು ನ್ಯಾಯಮೂರ್ತಿಗಳ ಪೀಠ ಎಂಟು ಒಂದರಂತೆ ರಾಜ್ಯದ ಪರ ಹೇಳ್ತು. ಒಪ್ಪದ ಇದ್ದ ಆ ಒಬ್ಬರು ನಮ್ಮ ಕರ್ನಾಟಕದವರಾದ ನ್ಯಾಯಮೂರ್ತಿ ಬಿ. ವಿ. ನಾಗರತ್ನಾ. 1855ರ ಲಂಡನ್ನಿನ ಪ್ರಶ್ನಿ, ‘ಈ ಆಲ್ಕೋಹಾಲ್ ಕುಡಿಯಾಕೋ, ಕೆಲಸಕ್ಕೋ?’ ಅನ್ನೋದು, ಹೊಸ ವೇಷ ಹಾಕ್ಕೊಂಡು ಬಂದಂಗ ಆತು.

ಬಿಯರ್ ಸೋಪಿನ ರೀತಿ

ಪಿಯರ್ಸ್ ಕೆಲಸಕ್ಕೂ ಇವತ್ತಿನ ಬಿಯರ್ ಸೋಪಿಗೂ ಒಂದು ದೊಡ್ಡ ಫರಕ್ ಅದ. ಅವಂಗ ಆಲ್ಕೋಹಾಲ್ ಬೇಕಿತ್ತು, ಅದರಾಗ ಸೋಪು ಕರಗಿಸ್ತಿದ್ದ. ಬಿಯರ್ ಸೋಪು ಮಾಡೋವರಿಗೆ ಆಲ್ಕೋಹಾಲ್ ಬ್ಯಾಡ. ಅವರಿಗೆ ಬೇಕಾದ್ದು ಮಾಲ್ಟಿನ ಸಕ್ಕರಿ ಅಂಶ, ಅದರಿಂದ ನೊರಿ ಹೆಚ್ಚಾಗ್ತದ, ಬಣ್ಣ ಬೆಲ್ಲದಂಗ ಬರ್ತದ. ಆಲ್ಕೋಹಾಲ್ ಉಳದ್ರ ಸೋಪಿನ ಹಿಟ್ಟು ಕಲಸೋವಾಗ ಅಚಾನಕ್ ಗಟ್ಟಿ ಆಗಿ ಮುದ್ದಿ ಬಿಡ್ತದ. ಗಾಳಿ ಗುಳ್ಳಿ ಉಳದ್ರ ಕಾಸ್ಟಿಕ್ ಬಿದ್ದ ಕೂಡಲೇ ಉಕ್ಕಿ ಹೊರಗ ಚೆಲ್ತದ. ಹಿಂಗಾಗಿ ಮೊದಲ ಕೆಲಸ ಅಂದ್ರ ಬಿಯರನ್ನ ಅಗಲ ಪಾತೇಲ್ಯಾಗ ಹಾಕಿ, ಸಣ್ಣ ಉರಿ ಮ್ಯಾಲೆ, ಕಿಟಕಿ ತಗದಿಟ್ಟು, ಅರ್ಧಾ ಆಗೋ ತನಕ ಕುದಸೋದು. ಆಮ್ಯಾಲೆ ಫ್ರಿಜ್ಜಿನ್ಯಾಗ ಇಟ್ಟು ಚೆನ್ನಾಗಿ ತಂಪು ಮಾಡೋದು.

ಒಂದು ಕಿಲೋ ಎಣ್ಣಿಗೆ ಲೆಕ್ಕ ಹಿಂಗ: ಕೊಬ್ಬರಿ ಎಣ್ಣಿ 300 ಗ್ರಾಂ, ಆಲಿವ್ ಎಣ್ಣಿ 600 ಗ್ರಾಂ, ಔಡಲೆಣ್ಣಿ 100 ಗ್ರಾಂ. ಒಂದೊಂದು ಎಣ್ಣಿ ಒಂದೊಂದು ಅಳತಿ ಕಾಸ್ಟಿಕ್ ಸೋಡಾ ಕುಡೀತದ. ಗ್ರಾಂ ಲೆಕ್ಕದಾಗ ಕೊಬ್ಬರಿದು 0.183, ಆಲಿವಿಂದು 0.135, ಔಡಲದ್ದು 0.128. ಗುಣಿಸಿ ಕೂಡಿಸಿದ್ರ 54.9, 81, 12.8, ಒಟ್ಟು 148.7 ಗ್ರಾಂ. ಅದರಾಗ ನೂರಕ್ಕ ಐದು ಬಿಟ್ರ ಸುಮಾರು 141 ಗ್ರಾಂ. ಆ ಐದು ಬಿಡೋದು ಯಾಕಂದ್ರ ಒಂಚೂರು ಎಣ್ಣಿ ಉಳದು ಮೈಗೆ ಮಿದು ಇರಲಿ ಅಂತ. ಬಿಯರ್ 300 ಗ್ರಾಂ ಸಾಕು, ಅಂದ್ರ 650 ಮಿಲಿ ಬಾಟ್ಲಿ ಕುದಿಸಿ ಇಳಿಸಿದ್ರ ಒಂದು ಸಲಕ್ಕ ಸರಿ ಹೋಗ್ತದ.

ಕಾಸ್ಟಿಕ್ಕನ್ನ ತಂಪು ಬಿಯರಿಗೆ ಚಿಟಿಕಿ ಚಿಟಿಕಿ ಹಾಕ್ಬೇಕು. ಕಾಸ್ಟಿಕ್ಕಿನ ಮ್ಯಾಲೆ ಬಿಯರ್ ಸುರೀಬಾರದು. ಸ್ಟೀಲಿನ ಭಾಂಡಿ ಬೇಕು, ಅಲ್ಯುಮಿನಿಯಂ ಮುಟ್ಟಿಸಬ್ಯಾಡ್ರಿ, ಕಾಸ್ಟಿಕ್ ಅದನ್ನ ತಿಂದುಹಾಕ್ತದ. ಕೈಗೆ ಗವಸು, ಕಣ್ಣಿಗೆ ಕನ್ನಡಕ ಇಲ್ಲದ ಕೂಡಬಾರದು, ಮಕ್ಕಳು ಅಡಗಿಮನ್ಯಾಗ ಇರಬಾರದು. ಆಮ್ಯಾಲೆ ಅದನ್ನ ಎಣ್ಣಿಗೆ ಸೇರಿಸಿ, ಇಡ್ಲಿ ಹಿಟ್ಟಿನ ಹದಕ್ಕ ಬರೋ ತನಕ ಕಲಿಸಿ ಅಚ್ಚಿಗೆ ಹಾಕೋದು. ಸಕ್ಕರಿ ಅಂಶ ಇರೋದರಿಂದ ಅಚ್ಚಿನ್ಯಾಗ ತಾನಾಗೇ ಬಿಸಿ ಏರ್ತದ, ಹಿಂಗಾಗಿ ಕಂಬಳಿ ಹೊಚ್ಚಬ್ಯಾಡ್ರಿ. ಮರುದಿನ ಕೊಯ್ದು, ಗಾಳಿ ಆಡೋ ಹಲಗಿ ಮ್ಯಾಲೆ ನಾಲ್ಕರಿಂದ ಆರು ವಾರ ಇಡ್ಬೇಕು. ಅಷ್ಟರಾಗ ನೀರು ಹೋಗಿ ಗಡ್ಡಿ ಗಟ್ಟಿ ಆಗ್ತದ, ತೂಕ ಇಳೀತದ. ಪಿಯರ್ಸ್‌ನ ಕೋಲ್ಯಾಗ ಆದದ್ದು ಇದೇ.

ಇನ್ನ ದರದ ಮಾತು

ಒಂದು ಲೆಕ್ಕ ಹಾಕೋಣ. ಇವು ನಾನು ತಿಳಿಯಾಕ ಹಿಡದ ಅಂಕಿ, ನಿಮ್ಮೂರ ದರ ನೀವು ಹಾಕ್ಕೊಳ್ರಿ. ಮೂರೂ ಎಣ್ಣಿ ಸೇರಿ ₹700. ಕಾಸ್ಟಿಕ್, ಪರಿಮಳ, ಹಾಳಿ, ದಾರ ₹150. ಬಿಯರ್ ₹180. ಒಟ್ಟು ₹1,030. ಮಾಲು ಹಸಿ ಇದ್ದಾಗ 1,441 ಗ್ರಾಂ, ನೂರು ಗ್ರಾಮಿನಂಗ 14 ಗಡ್ಡಿ. ಒಂದಕ್ಕ ಬರೀ ಸಾಮಾನಿನ ಖರ್ಚ ₹74. ಅದರಾಗ ಬಿಯರಿನ ಪಾಲು ಎಷ್ಟು? ₹13.

ಕುದಸೋದು, ಕಲಸೋದು, ಕೊಯ್ಯೋದು, ಸುತ್ತೋದು ಎಲ್ಲಾ ಸೇರಿ ನಾಲ್ಕು ತಾಸು ಹಿಡೀರಿ. ತಾಸಿಗೆ ₹100 ಅಂದ್ರೂ ₹400, ಗಡ್ಡಿಗೆ ₹29. ಈಗ ₹103 ಆತು. ಅಂಗಡಿಯಾಗ ಇಟ್ಟು ಮಾರೋವರು ನೂರಕ್ಕ ಮೂವತ್ತು ಕೇಳಿದ್ರು ಅನ್ನೋಣ, ಆ ₹103 ನಿಮ್ಮ ಕೈಗೆ ಬರ್ಬೇಕಂದ್ರ ಮಾರೋ ದರ ₹147 ಇರ್ಬೇಕು. ಇದರಾಗ ಇನ್ನೂ ಲಾಭ ಇಲ್ಲ, ಒಡದ ಗಡ್ಡಿ ಇಲ್ಲ, ಆರು ವಾರ ಕೂತ ಬಂಡವಾಳ ಇಲ್ಲ. ಮಾರೋದಿದ್ರ ಸೌಂದರ್ಯ ಸಾಮಾನು ತಯಾರಿಸೋ ಪರವಾನಿಗಿ ತಗೋಬೇಕು, ಅದರ ಖರ್ಚೂ ಇಲ್ಲ.

ತೆರಿಗಿ ಕಡಿ ನೋಡಿದ್ರ ಮಜಾ ಅದ. ಮೈ ತೊಳಿಯೋ ಸೋಪಿನ ಗಡ್ಡಿಗೆ ಜಿಎಸ್‌ಟಿ ನೂರಕ್ಕ 18 ಇದ್ದದ್ದು 2025ರ ಸಪ್ಟೆಂಬರಿನ್ಯಾಗ 5ಕ್ಕ ಇಳೀತು. ಕುಡಿಯೋ ಶೆರೆ ಮಾತ್ರ ಜಿಎಸ್‌ಟಿಯ ಹೊರಗ ಅದ, ಅದರ ತೆರಿಗಿ ರಾಜ್ಯದ್ದು. ಜಿಎಸ್‌ಟಿ ನೋಂದಣಿ ಮಾಡಿಸಿದಾಕಿ ಎಣ್ಣಿ ಮ್ಯಾಲೆ ಕೊಟ್ಟ ತೆರಿಗಿಯನ್ನ ತಾ ಕಟ್ಟೋದರಾಗ ವಜಾ ಮಾಡ್ಕೋಬಹುದು. ಬಿಯರ್ ಬಾಟ್ಲಿ ಮ್ಯಾಲೆ ಕೊಟ್ಟದ್ದು ಹಂಗ ತಿರುಗಿ ಬರೂದಿಲ್ಲ, ಅದು ಸೋಪಿನ್ಯಾಗ ಕರಗೇ ಹೋಗ್ತದ. ಆ ಬಿಯರಿನ ಆಲ್ಕೋಹಾಲನ್ನ ನಾವು ಕುದಿಸಿ ಕಿಟಕಿಯಿಂದ ಹೊರಗ ಬಿಟ್ಟಿರ್ತೀವಿ, ಅದು ಯಾರ ಗಂಟಲಿಗೂ ಇಳದಿರೂದಿಲ್ಲ. ಆದ್ರೂ ಕುಡಿಯೋವನ ತೆರಿಗಿನ ನಮ್ಮದೂ. ಒಂದು ಬಾಟ್ಲಿ ತರೋ ಮನಿ ಹೆಣ್ಣಮಗಳಿಗೆ ಆ 1855ರ ಮಾಫಿ ಇವತ್ತಿಗೂ ಮುಟ್ಟಿಲ್ಲ.

ಅದಕ್ಕ ‘ಬಿಯರ್ ಹಾಕೀರಿ ಅಂತ ತುಟ್ಟಿ ಏನು?’ ಅಂತ ಕೇಳಿದವರಿಗೆ ಮುಖಾ ಸಣ್ಣ ಮಾಡ್ಕೊಂಡು ದರ ಇಳಸೋ ಕಾರಣ ಇಲ್ಲ. ಬಿಯರಿಂದು ಹದಿಮೂರು ರೂಪಾಯಿರಿ ಅಂತ ಹೇಳ್ರಿ, ಉಳದದ್ದು ಎಣ್ಣಿ, ಕೈ ಮತ್ತ ಆರು ವಾರ. ಭಾಳ ಮಂದಿ ಹೆಣ್ಣಮಕ್ಕಳು ಎಣ್ಣಿ ರೊಕ್ಕ ಬಂದ್ರ ಸಾಕು ಅಂತ ₹80ಕ್ಕ ಕೊಡ್ತಾರ. ಕೈ ಕೆಲಸ ‘ಮನಿ ಕೆಲಸದ ನಡುವ ಆಗೇ ಆಗ್ತದಲ್ಲ’ ಅಂತಾರ. ಆ ₹80ರಾಗ ಎಣ್ಣಿಯವಂದು ಮುಟ್ಟಿತು, ಅಬಕಾರಿದು ಮುಟ್ಟಿತು. ಮಾಡಿದಾಕಿಗೆ ಉಳದದ್ದು ಆರು ರೂಪಾಯಿ.

ಸೋಹೋದ ಆ ಕ್ಷೌರದವ ದೊಡ್ಡ ವಿದ್ಯಾವಂತ ಏನಲ್ಲ. ಆದ್ರ ಹಲಗಿ ಮ್ಯಾಲೆ ಕೂತ ತಿಂಗಳುಗಳನ್ನ ಬೆಲಿಯೊಳಗ ಬರಕೊಂಡ, ಅದಕ್ಕ ನಾಚಿಕೊಳ್ಳಲಿಲ್ಲ. ನೀವೂ ಸೋಪು ಕೊಯ್ದು ಹಲಗಿ ಮ್ಯಾಲೆ ಇಡೋ ದಿನಾನ ಒಂದು ಚೀಟಿ ಬರೀರಿ: ತಾರೀಖು, ಎಣ್ಣಿ ಖರ್ಚು, ಬಾಟ್ಲಿ ಖರ್ಚು, ಎಷ್ಟು ತಾಸು ದುಡಿದ್ರಿ, ಯಾವ ದಿನ ತಯಾರಾಗ್ತದ. ಆರು ವಾರದ ಮ್ಯಾಲೆ ದರ ಬರಿಯೋವಾಗ ಆ ಚೀಟಿ ಎದುರಿಗೆ ಇಟ್ಕೊಂಡು ಬರೀರಿ.